ಎಲೆಯ ತುದಿಯ ಉಪ್ಪು

ಕತೆ ಹೇಳಿ ನನಗೆ ರೂಢಿಯಿಲ್ಲ. ಎಲ್ಲಿ ಯಾರಿಗೆ ಅರ್ಥವಾಗದೆ ಹೋಗುತ್ತದೋ ಎಂಬ ಭಯಕ್ಕೆ ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿ ಕೆಡಿಸುತ್ತೇನೆ. ದಯವಿಟ್ಟು ಮನ್ನಿಸಿ.

ಕಂಬಳಿಗೆರೆ ಎಂಬುದೊಂದು ಪುಟ್ಟ ರಾಜ್ಯ. ಪುಟ್ಟದು ಎಂದರೆ, ಅರಮನೆಯ ಮಹಡಿಯಲ್ಲಿ ರಾಜ ಸೀನಿದರೆ ಗಡಿಯಾಚೆಯವರು “ನೂರು ವರ್ಷ ಬಾಳಿ” ಎನ್ನುವಷ್ಟು ಪುಟ್ಟದು. ಅಲ್ಲಿಯ ಜನ ಕಂಬಳಿ ನೇಯುತ್ತಿದ್ದರು. ನೆರೆಯ ದೊಡ್ಡ ರಾಜ್ಯವಾದ ಹೊನ್ನಾವತಿಯವರು ಅದನ್ನು ಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ರಾಜ ಮಲ್ಲರಾಯ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದ: “ನಾಳೆಯಿಂದ ನಮ್ಮ ಕೈಯಲ್ಲಿರುವ ನಾಣ್ಯ ಸಮುದ್ರದ ದಡದವರೆಗೂ ನಡೆಯುತ್ತದೆ!”

ಪಕ್ಕದಲ್ಲಿ ಹೊನ್ನಾವತಿಯ ದೂತ ನರಸಪ್ಪಯ್ಯ ನಗುತ್ತ ಕುಳಿತಿದ್ದ. “ಎರಡೂ ರಾಜ್ಯಕ್ಕೆ ನಮ್ಮದೊಂದೇ ನಾಣ್ಯ. ನಿಮ್ಮ ಟಂಕಸಾಲೆ ಮುಚ್ಚಿ, ಊಟವಾದ ಮೇಲೆ ಅಚ್ಚುಗಳನ್ನು ನನ್ನ ಗಾಡಿಗೆ ಹಾಕಿಸಿದರೆ ಆಯಿತು” ಎಂದ. ಅಚ್ಚು ಎಂದರೆ ನಾಣ್ಯದ ಮೇಲೆ ಮುದ್ರೆ ಒತ್ತುವ ಕಬ್ಬಿಣದ ತುಂಡು. ಅದು ಹೋದರೆ ನಾಣ್ಯ ಮಾಡುವುದು ಹೋಯಿತು.

“ನಾಣ್ಯದ ಹಿಂಬದಿಯಲ್ಲಿ ನನ್ನ ಮೀಸೆ ಇರುತ್ತದಂತೆ ಸಂಕಣ್ಣ” ಎಂದ ರಾಜ. “ಇಡೀ ಮುಖಕ್ಕೆ ಜಾಗ ಸಾಲದಂತೆ.”

ಸಂಕಣ್ಣ ಆಸ್ಥಾನದ ಮಾತುಗಾರ. ಆದರೆ ಅವನಿಗೆ ಈ ಮಾತು ಹಿಡಿಸಲಿಲ್ಲ. ಅವನು ಹುಟ್ಟಿದ್ದು ನೇಕಾರರ ಬೀದಿಯಲ್ಲಿ. ಹಿಂದೊಂದು ವರ್ಷ ಚಳಿಯೇ ಬೀಳಲಿಲ್ಲ, ಕಂಬಳಿ ಯಾರಿಗೂ ಬೇಡವಾಯಿತು. ಆಗ ರಾಜ ತಾಮ್ರದ ಕಾಸಿನ ತೂಕವನ್ನು ತುಸು ಇಳಿಸಿದ. ಕಂಬಳಿಯ ಬೆಲೆ ಕಾಸಿನಲ್ಲಿ ಅಷ್ಟೇ ಇತ್ತು. ಆದರೆ ಹೊನ್ನಾವತಿಯವರ ಒಂದು ಚಿನ್ನದ ವರಾಹಕ್ಕೆ ಮೊದಲಿಗಿಂತ ಹೆಚ್ಚು ಕಾಸು ಸಿಕ್ಕವು. ಅಂದರೆ ಅವರಿಗೆ ಕಂಬಳಿ ಅಗ್ಗವಾಯಿತು. ಎತ್ತಿಗೆ ಹೊದಿಸುವುದಕ್ಕೂ ಕೊಂಡುಕೊಂಡು ಹೋದರು! ಹೌದು, ಅವರ ಬೆಲ್ಲ ನಮಗೆ ದುಬಾರಿಯಾಗಿ ಆ ವರ್ಷ ಪಾಯಸ ಸಪ್ಪೆಯಾಯಿತು. ಆದರೆ ನೇಕಾರರ ಒಲೆ ಆರಲಿಲ್ಲ. ಅಚ್ಚು ಗಾಡಿ ಹತ್ತಿದರೆ, ಇನ್ನೊಮ್ಮೆ ಚಳಿ ಕೈಕೊಟ್ಟಾಗ ಆ ಬೀದಿಯ ಗತಿ?

ಹಾಗೆಂದು ಬೇಡ ಎಂದುಬಿಡುವಂತೆಯೂ ಇರಲಿಲ್ಲ. ಉಣ್ಣೆ ವ್ಯಾಪಾರಿ ಕೊಟ್ರಯ್ಯ ಶೆಟ್ಟರು ಆಗಲೇ ಅವನ ಅಂಗಿ ಹಿಡಿದೆಳೆದರು. “ಅಡ್ಡಗಾಲು ಹಾಕಬೇಡ ಮಾರಾಯ. ಗಡಿ ದಾಟುವಾಗ ನಾಣ್ಯ ಬದಲಿಸುವವನು ಕೀಳುತ್ತಾನೆ, ಬರುವಾಗ ಮತ್ತೆ ಕೀಳುತ್ತಾನೆ. ಮನೆ ಸೇರುವಾಗ ನನ್ನ ಹತ್ತಿರ ಚೀಲ ಮಾತ್ರ ಉಳಿದಿರುತ್ತದೆ!”

ಅದೂ ನಿಜವೇ. ಸಂಕಣ್ಣ ತಲೆ ಕೆರೆದುಕೊಂಡ. ಆಮೇಲೆ ರಾಜನ ಕಾಲು ನೋಡಿದ. ಕಾಲಿಗೆ ಬಾವು ಬಂದಿತ್ತು. ವೈದ್ಯರು ಉಪ್ಪು ಬಿಡಿಸಿದ್ದರಿಂದ ರಾಜನಿಗೆ ಬೇರೆ ಅಡುಗೆಯಾಗುತ್ತಿತ್ತು.

“ಮಹಾಪ್ರಭು, ಇಂದು ಇಬ್ಬರೂ ಒಂದಾಗುವ ದಿನ. ಊಟವೂ ಒಂದೇ ಪಾತ್ರೆಯದಾಗಲಿ.”

“ಭೇಷ್!” ಎಂದ ನರಸಪ್ಪಯ್ಯ. “ಸೌದೆ ಉಳಿಯಿತು, ಅಡುಗೆಯವನ ದುಡಿಮೆ ಉಳಿಯಿತು. ನಾನು ಹೇಳುತ್ತಿರುವುದೂ ಇದನ್ನೇ.”

ಮಧ್ಯಾಹ್ನ ಎಲೆ ಹಾಕಿದರು. ನಮ್ಮಲ್ಲಿ ಎಲೆಯ ತುದಿಗೆ ಮೊದಲು ಉಪ್ಪು ಬಡಿಸುವುದು ಪದ್ಧತಿಯಲ್ಲವೇ? ಅಂದು ಉಪ್ಪಿನ ಬಟ್ಟಲು ಸಂಕಣ್ಣನ ಮಡಿಲಲ್ಲಿತ್ತು.

ದೂತ ಒಂದು ತುತ್ತು ಬಾಯಿಗಿಟ್ಟ. ಸಾರು ಸಪ್ಪೆ. ಪಲ್ಯ ಸಪ್ಪೆ. ಕೋಸಂಬರಿಯಂತೂ ಎತ್ತಿನ ಮುಂದಿಡುವಂತಿತ್ತು. ರಾಜ ಏಳುವ ಮುಂಚೆ ಪಂಕ್ತಿಯಿಂದ ಏಳುವಂತಿಲ್ಲ. ರಾಜನೋ, ಅಭ್ಯಾಸವಾಗಿದ್ದರಿಂದ ಚಪ್ಪರಿಸಿ ಉಣ್ಣುತ್ತಿದ್ದ.

“ಸಂಕಣ್ಣನವರೇ, ಅಡುಗೆಯವನು ಉಪ್ಪು ಮರೆತ ಹಾಗಿದೆ.”

“ಮರೆತಿಲ್ಲ ಸ್ವಾಮಿ. ಪಾತ್ರೆ ಒಂದೇ ಅಲ್ಲವೇ? ದೊಡ್ಡವರ ಮೈಗೆ ಏನು ಒಗ್ಗುತ್ತದೋ ಅದೇ ಎಲ್ಲರಿಗೂ.”

“ಅವರಿಗೆ ಕಾಲು ಬಾವು. ನನಗೇನಾಗಿದೆ?”

“ಒಂದು ಪಾತ್ರೆ ಅಂದಮೇಲೆ ಒಂದು ಪಥ್ಯ!”

“ಹೋಗಲಿ, ಎಲೆಯ ತುದಿಗೆ ಒಂದು ಚಿಟಿಕೆ ಹಾಕಿಸಿ.”

“ಅಯ್ಯೋ! ಒಬ್ಬೊಬ್ಬರು ಬೇರೆ ಬೇರೆ ಉಪ್ಪು ಹಾಕಿಕೊಂಡರೆ ಒಗ್ಗಟ್ಟು ಕೆಡುವುದಿಲ್ಲವೇ?”

ನರಸಪ್ಪಯ್ಯನಿಗೆ ರೇಗಿತು. “ಏನಯ್ಯಾ ಹುಚ್ಚು! ನನ್ನ ಎಲೆಯಲ್ಲಿ ನನ್ನ ಉಪ್ಪು ನಾನು ಕಲಸಿಕೊಂಡರೆ ನಿಮ್ಮ ಪಾತ್ರೆಗೇನು ಕೇಡು?”

ಸಂಕಣ್ಣ ಉಪ್ಪಿನ ಬಟ್ಟಲು ಹೊರಗೆ ತೆಗೆದ. “ಸ್ವಾಮಿ, ಇದೊಂದು ಮಾತನ್ನು ಒಪ್ಪಂದಕ್ಕೆ ಸೇರಿಸಿಬಿಡಿ. ವರಾಹ ಇಬ್ಬರಿಗೂ ಒಂದೇ ಇರಲಿ, ಶೆಟ್ಟರ ಚೀಲ ತುಂಬಿರಲಿ. ತಾಮ್ರದ ಕಾಸು ಮಾತ್ರ ನಮ್ಮ ಟಂಕಸಾಲೆಯದು. ಒಂದು ವರಾಹಕ್ಕೆ ಎಷ್ಟು ಕಾಸು ಎಂಬುದು ನಮ್ಮ ಎಲೆಯ ತುದಿಯ ಉಪ್ಪು.”

ದೂತ ಬಟ್ಟಲು ನೋಡಿದ, ಎಲೆ ನೋಡಿದ. ಎರಡನೆಯ ಸಲ ಸಾರು ಬಡಿಸಿಕೊಳ್ಳುತ್ತಿದ್ದ ರಾಜನನ್ನು ನೋಡಿದ. “ಆಯಿತು ಮಹಾರಾಯ, ಬರೆಸಿಕೊಳ್ಳಿ. ಮೊದಲು ಅದನ್ನು ಇತ್ತ ಕೊಡಿ!”

ರಾಜ ಮಾತ್ರ ಮುಖ ಸಣ್ಣದು ಮಾಡಿದ. “ಹಾಗಾದರೆ ನನ್ನ ಮೀಸೆ?”

“ಅವರ ನಾಣ್ಯದ ಬೆನ್ನಿಗೆ ಅಂಟಿಕೊಂಡ ಮೀಸೆ ಏಕೆ ಪ್ರಭು? ಕಾಸು ನಮ್ಮದೇ. ಅದರಲ್ಲಿ ಕಿವಿಯ ಸಮೇತ ಇಡೀ ಮುಖವೇ ಬರಲಿ!”

ರಾಜ ನಕ್ಕ ರಭಸಕ್ಕೆ ಸಾರು ದೂತನ ಶಾಲಿನ ಮೇಲೆ ಹಾರಿತು. “ಏನು ಬೇಕೋ ಕೇಳು ಸಂಕಣ್ಣ!”

“ಇನ್ನೊಂದು ಊಟ, ಪ್ರಭು. ಉಪ್ಪು ಹಾಕಿದ್ದು.”

ಇಷ್ಟೇ ಕತೆ. ಅರ್ಥವಾಯಿತಲ್ಲ? ಪಾತ್ರೆ ಎಂದರೆ ಇಲ್ಲಿ ಇಬ್ಬರಿಗೂ ಸೇರಿದ ನಾಣ್ಯ. ರಾಜನ ಕಾಲಿನ ಬಾವು ಎಂದರೆ ದೊಡ್ಡವರ ಕಷ್ಟ. ಉಪ್ಪು ಎಂದರೆ ಆಗಲೇ ಹೇಳಿದೆ, ಆದರೂ ಇನ್ನೊಮ್ಮೆ ಹೇಳುತ್ತೇನೆ, ಉಪ್ಪು ಎಂದರೆ... ಬಂದೆ, ಬಂದೆ! ಒಳಗೆ ಎಲೆ ಹಾಕಿದ್ದಾರಂತೆ, ಕರೆಯುತ್ತಿದ್ದಾರೆ. ಉಪ್ಪು ಎಂದರೆ, ಅದೇ, ಎಲೆಯ ತುದಿಯಲ್ಲಿ...