ಹೊಕ್ಕುಳ ಬಳ್ಳಿಗೊಂದು ರಣಭೂಮಿ

ಹುಟ್ಟುವ ಮುಂಚೆ ನಮ್ಮನ್ನು ನೀರಲ್ಲಿಟ್ಟು ಕಾದವಳಿಗೆ, ಹುಟ್ಟಿದ ಮೇಲೆ ಮಣ್ಣಲ್ಲಿಟ್ಟು ಸಾಕುವವಳಿಗೆ, ಯಾವ ಹೆಸರಿನಿಂದ ಕರೆದರೂ ಓ ಎನ್ನುವ ಮಹಾತಾಯಿಗೆ ಶರಣು. ಅವಳು ನಡೆಸಿದಂತೆ ಈ ಕಥೆ ನಡೆಯಲಿ.

ಏಳು ಕಡಲಿನಾಚೆ ಮೆಕ್ಸಿಕೋ ಎಂಬ ನಾಡು. ಅಲ್ಲೊಂದು ದೊಡ್ಡ ಸರೋವರ. ಸರೋವರದ ನಡುವೆ ಅಜ್ಟೆಕ್ ದೊರೆಗಳ ಪಟ್ಟಣ. ನಮ್ಮಲ್ಲಿ ಹಂಪೆಯ ಬೀದಿಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲೇ ಅಲ್ಲಿಯ ಬೀದಿಗಳೂ ತುಂಬಿದ್ದವು.

ಆಗ ಸ್ಪೇನಿನವರು ಹಡಗು ಹತ್ತಿ ಬಂದರು. ಕುದುರೆ ತಂದರು, ಫಿರಂಗಿ ತಂದರು. ಪಕ್ಕದ ತ್ಲಾಶ್ಕಾಲಾ ನಾಡಿನವರಿಗೆ ಅಜ್ಟೆಕರ ಮೇಲೆ ತಲೆತಲಾಂತರದ ಹಗೆಯಿತ್ತು. ಅವರು ಬಂದವರ ಜತೆ ಸೇರಿದರು. ಪಟ್ಟಣ ಬಿತ್ತು.

ಪಟ್ಟಣ ಬಿದ್ದಿತೆಂದು ಬಸುರಿಯರಿಗೆ ದಿನ ತುಂಬುವುದು ನಿಲ್ಲುತ್ತದೆಯೇ?

ಸರೋವರದ ತೆಂಕಣ ದಡದ ಹಳ್ಳಿಯೊಂದರಲ್ಲಿ ಪಾಪಾನವ್ವ ಎಂಬ ಸೂಲಗಿತ್ತಿ ಇದ್ದರು. ಜೊಂಡಿನ ಗುಡಿಸಲೇ ಅವರ ಆಶ್ರಮ. ಹೆರಿಗೆಯೇ ಅವರ ತಪಸ್ಸು. ಅವರ ಬಳಿ ಶೊಕೊ ಎಂಬವಳು ವಿದ್ಯೆ ಕಲಿಯುತ್ತಿದ್ದಳು. ಕೈ ಚುರುಕು, ಮನಸ್ಸು ಮಾತ್ರ ಕೆಂಡ. ಅವಳ ತಮ್ಮ ಪಟ್ಟಣವನ್ನು ದಡಕ್ಕೆ ಜೋಡಿಸುವ ಏರಿಯ ಮೇಲೆ ತ್ಲಾಶ್ಕಾಲದವರ ಕೈಯಲ್ಲಿ ಸತ್ತಿದ್ದ.

ಒಂದು ದಿನ ತ್ಲಾಕೊ ಎಂಬ ಹುಡುಗಿಗೆ ಹೆರಿಗೆಯಾಯಿತು. ಗಂಡುಮಗು. ಅದರ ಅಪ್ಪನೂ ಅದೇ ಏರಿಯ ಮೇಲೆ ಬಿದ್ದವನು.

ಮಗು ಹೊರಗೆ ಬಂದದ್ದೇ ತಡ, ಪಾಪಾನವ್ವ ತಲೆಯೆತ್ತಿ ರಣಕೇಕೆ ಹಾಕಿದರು. ಆ ನಾಡಿನ ಪದ್ಧತಿ ಅದು. ಹೆರಿಗೆಯೆಂದರೆ ಅವರಿಗೆ ಯುದ್ಧ. ಹೆತ್ತವಳು ಶತ್ರುವನ್ನು ಸೆರೆಹಿಡಿದು ತಂದ ವೀರನಿಗೆ ಸಮ. ಅವಳ ಪರವಾಗಿ ಸೂಲಗಿತ್ತಿ ಕೇಕೆ ಹಾಕಬೇಕು.

ಶೊಕೊಗೆ ಸಿಟ್ಟು ಬಂತು. "ಅವ್ವಾ, ಸೋತವರಿಗೆ ಕೇಕೆ ಯಾಕೆ?"

"ಯಾರು ಸೋತರು?"

"ನಾವು."

ಪಾಪಾನವ್ವ ಬಾಣಂತಿಯ ಕಡೆ ತಿರುಗಿದರು. "ಏನಮ್ಮಾ ತ್ಲಾಕೊ, ಸೋತೆಯಾ?"

ಬೆವರಲ್ಲಿ ತೊಯ್ದು ಬಿದ್ದಿದ್ದ ತ್ಲಾಕೊ ಕಣ್ಣು ಬಿಟ್ಟಳು. "ಅದೆಲ್ಲ ಆಮೇಲೆ. ಮೊದಲು ತಿನ್ನೋಕೆ ಏನಾದರೂ ಕೊಡಿ."

"ಕೇಳಿದೆಯಾ? ಸೋತವರಿಗೆ ಹೀಗೆ ಹಸಿವಾಗೋದಿಲ್ಲ," ಎಂದರು ಪಾಪಾನವ್ವ.

ಮಗುವನ್ನು ಮೀಯಿಸಲು ಬೋಗುಣಿಯಲ್ಲಿ ನೀರು ತುಂಬಿದರು. ನಾವು ಗಂಗಮ್ಮ ಎನ್ನುವವಳನ್ನು ಅಲ್ಲಿ ಪಚ್ಚೆಲಂಗದ ತಾಯಿ ಎನ್ನುತ್ತಾರೆ. "ತಾಯೀ, ನಿನ್ನ ಕೂಸು ಬಂದಿದೆ. ತೊಳೆದು ಕೊಡು," ಎಂದು ಬೇಡಿಕೊಂಡರು.

ಮಗುವಿನ ಹೊಕ್ಕುಳ ಬಳ್ಳಿ ಒಣಗಿತು. ಅದರ ಮಾರನೆಯ ಬೆಳಿಗ್ಗೆ ತ್ಲಾಕೊಳ ಮಾವ ತೋಚಿನಜ್ಜ ಕೋಲೂರಿಕೊಂಡು ಬಂದ. ಹಿಂದೆ ದಳಪತಿಯಾಗಿದ್ದವನು. ಈಗ ಒಂದು ಕಾಲು ಎಳೆಯುತ್ತಾನೆ. ಮಗನನ್ನು ಕಳೆದುಕೊಂಡ ಮೇಲೆ ಅವನು ನಕ್ಕದ್ದನ್ನು ಕಂಡವರಿಲ್ಲ.

ಇಲ್ಲಿ ಆ ನಾಡಿನ ಇನ್ನೊಂದು ಪದ್ಧತಿ ಹೇಳಬೇಕು. ಹೆಣ್ಣುಮಗುವಿನ ಬಳ್ಳಿಯನ್ನು ಒಲೆಯ ಪಕ್ಕ ಹುಗಿಯುತ್ತಾರೆ. ಗಂಡುಮಗುವಿನದನ್ನು ರಣಭೂಮಿಯಲ್ಲಿ. ಬಳ್ಳಿ ಎಲ್ಲಿ ಹುಗಿದಿದೆಯೋ ಬೆಳೆದ ಮೇಲೆ ಜೀವ ಅಲ್ಲಿಗೇ ಎಳೆಯುತ್ತದೆ ಎಂಬುದು ನಂಬಿಕೆ.

"ಬಳ್ಳಿ ಏರಿಯ ಮೇಲೇ ಆಗಬೇಕು," ಎಂದ ತೋಚಿನಜ್ಜ. "ನನ್ನ ಮಗ ಬಿದ್ದ ಜಾಗದಲ್ಲಿ. ನನ್ನ ಮೊಮ್ಮಗ ಬೆಳೆದು ತ್ಲಾಶ್ಕಾಲದವರ ಮೇಲೆ ಸೇಡು ತೀರಿಸಬೇಕು."

"ಆಗಲೇಬೇಕು ಅಜ್ಜಾ," ಎಂದಳು ಶೊಕೊ. ತನ್ನನ್ನು ಯಾರೂ ಕೇಳುವ ಮುಂಚೆಯೇ ಹೇಳಿಬಿಟ್ಟಿದ್ದಳು.

ತ್ಲಾಕೊ ಮಗುವನ್ನು ಎದೆಗೆ ಒತ್ತಿಕೊಂಡಳು. ಮಾವನ ಎದುರು ಮಾತಾಡುವ ಧೈರ್ಯ ಅವಳಿಗಿರಲಿಲ್ಲ. ಸುಮ್ಮನೆ ಸೂಲಗಿತ್ತಿಯ ಮುಖ ನೋಡಿದಳು. ಹುಟ್ಟಿ ವಾರವಾಗದ ಕೂಸು ಯಾವ ದಾರಿ ಹಿಡಿಯಬೇಕೆಂದು ಆ ಬೆಳಿಗ್ಗೆಯೇ ತೀರ್ಮಾನವಾಗುವುದಿತ್ತು.

ಪಾಪಾನವ್ವ ಆ ನೋಟವನ್ನು ನೋಡಿದರು. "ಆಗಲಿ. ಬಳ್ಳಿ ಒಯ್ಯಬೇಕಾದವರು ಯೋಧರು. ಅವರು ಯಾರೂ ಉಳಿದಿಲ್ಲ. ನಿನ್ನ ಕಾಲು ನಡೆಯದು. ಶೊಕೊ ಹೋಗಲಿ."

ಒಣಗಿದ ಬಳ್ಳಿಯನ್ನು ಹತ್ತಿಬಟ್ಟೆಯಲ್ಲಿ ಕಟ್ಟಿ ಶಿಷ್ಯೆಯ ಕೈಗಿಟ್ಟರು. ಜತೆಗೆ ದಂಟಿನ ಕಾಳಿನ ಹಿಟ್ಟಿನಲ್ಲಿ ಮಾಡಿದ ಪುಟ್ಟ ಗುರಾಣಿ, ಪುಟ್ಟ ಬಾಣ. ಅದೂ ಪದ್ಧತಿಯೇ.

"ಒಂದು ಮಾತು," ಎಂದರು. "ಯುದ್ಧ ನಡೆಯುವ ಕಡೆ ಹುಗಿ. ನಡೆಯದಿದ್ದರೆ ವಾಪಸ್ ತಾ."

"ಯುದ್ಧ ಮುಗಿದೇ ಹೋಯಿತಲ್ಲ ಅವ್ವಾ! ಈಗ ಎಲ್ಲಿಂದ ನಡೆಯಬೇಕು?"

"ನೋಡಿ ಬಾ."

ತೋಚಿನಜ್ಜ ಕೋಲು ಕುಟ್ಟಿದ. "ಈ ಮುದುಕಿ ಒಂದು ದಿನವಾದರೂ ನೇರ ಮಾತಾಡಿದ್ದುಂಟಾ?"

"ನೀನು ಹೊಟ್ಟೆಯಲ್ಲೇ ಅಡ್ಡ ತಿರುಗಿದ್ದೆಯಂತೆ ತೋಚಿನ್. ನನ್ನ ಗುರು ಹೇಳುತ್ತಿದ್ದರು. ನಿನ್ನನ್ನು ನೇರ ಮಾಡಿದವಳೂ ಒಬ್ಬ ಸೂಲಗಿತ್ತಿಯೇ. ಹೋಗು, ಬಿಸಿಲೇರುವ ಮುಂಚೆ ಅವಳು ದೋಣಿ ಬಿಡಲಿ."

ಶೊಕೊ ದೋಣಿ ನಡೆಸಿದಳು. ಪಟ್ಟಣ ಕಾಣಿಸಿತು. ದೇಗುಲಗಳ ಕಲ್ಲು ರಾಶಿ ಬಿದ್ದಿತ್ತು. ಆ ಕಲ್ಲಿನಲ್ಲೇ ಹೊಸ ಗೋಡೆ ಏಳುತ್ತಿತ್ತು. ಅವಳು ಅತ್ತ ನೋಡದೆ ಏರಿಗೆ ದೋಣಿ ಹಚ್ಚಿದಳು.

ಏರಿಯ ಮೇಲೆ ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು. ಕಲ್ಲಿನ ಸಂದಿಯಲ್ಲಿ ಯಾರೋ ಊರಿದ ಕುಂಬಳದ ಬಳ್ಳಿ ಹೂಬಿಟ್ಟಿತ್ತು.

"ಅಕ್ಕಾ, ಯುದ್ಧ ನಡೆದದ್ದು ಎಲ್ಲಿ?"

"ಇಲ್ಲೇ, ನೀನು ನಿಂತಲ್ಲೇ. ಸ್ವಲ್ಪ ಸರಿ ತಾಯಿ, ಆ ಹಚ್ಚಡ ಹರಡಬೇಕು."

ಶೊಕೊ ಸರಿದಳು. ತಮ್ಮ ಬಿದ್ದ ಜಾಗದಲ್ಲಿ ಒದ್ದೆ ಹಚ್ಚಡ ಬಿಸಿಲಿಗೆ ಮೈಯೊಡ್ಡಿ ಮಲಗಿತು. ಅವಳಿಗೆ ಅಳು ಬಂತು. ಯುದ್ಧ ನಡೆಯುವ ಕಡೆ ಹುಗಿ ಎಂದಿದ್ದರು ಗುರು. ಇಲ್ಲಿ ಕಪ್ಪೆ ಕೂಗುತ್ತಿದೆ, ಬಟ್ಟೆ ಒಣಗುತ್ತಿದೆ. ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು.

ಆಗ ಒಂದು ನರಳಿಕೆ ಕೇಳಿತು.

ಏರಿಯ ಕೆಳಗೆ ಚಾಪೆಗಳನ್ನು ಒರಗಿಸಿ ಮಾಡಿದ ಮರೆ. ಒಳಗೊಬ್ಬ ಬಸುರಿ, ಒಬ್ಬಳೇ. ತಲೆಗೆ ಕೆಂಪುಬಿಳಿ ಹುರಿಯ ಪಟ್ಟಿ. ತ್ಲಾಶ್ಕಾಲದವಳು.

ಯಾವ ಕಡೆಯವಳೆಂದು ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿದರು.

"ನೀನು ಈ ಸರೋವರದ ಕಡೆಯವಳು," ಎಂದಳು ಬಸುರಿ. "ನನ್ನ ಗಂಡನನ್ನು ಸ್ಪೇನಿನವರು ಮರ ಹೊರಲು ಕಾಡಿಗೆ ಕಳಿಸಿದ್ದಾರೆ. ಮೇಲಿರುವ ಹೆಂಗಸರು ನನ್ನ ತಲೆಪಟ್ಟಿ ನೋಡಿ ಹೋದರು. ನೀನೂ ಹೋಗು. ನಾನು ತಪ್ಪು ತಿಳಿಯೋದಿಲ್ಲ."

ಶೊಕೊ ಎದ್ದು ಹೊರಟಳು. ಹೋದಳು ಕೂಡ. ದೋಣಿಯ ಹಗ್ಗಕ್ಕೆ ಕೈ ಹಾಕಿದಳು.

ನರಳಿಕೆಯ ದನಿ ಬದಲಾಯಿತು. ಹಗೆಗೆ ಆ ದನಿ ತಿಳಿಯುವುದಿಲ್ಲ, ಸೂಲಗಿತ್ತಿಗೆ ತಿಳಿಯುತ್ತದೆ. ಮಗು ಕಾಲು ಮುಂದಾಗಿ ಬರುತ್ತಿದೆ.

"ದೇವರೇ, ಇವಳೇ ಆಗಬೇಕಿತ್ತೇ?" ಎನ್ನುತ್ತಾ ಓಡಿಬಂದಳು. "ಹೇ, ಮಲಗಬೇಡ! ಏಳು, ಕುಕ್ಕರಗಾಲಲ್ಲಿ ಕೂತುಕೋ. ನನ್ನ ಹೆಗಲು ಹಿಡಿ. ಉಗುರು ನಾಟಿದರೂ ಪರವಾಗಿಲ್ಲ."

"ನಿನ್ನ ಹೆಸರೇನು?"

"ಹೆಸರು ಕಟ್ಟಿಕೊಂಡು ಏನು ಮಾಡ್ತೀ, ಬಲ ಹಾಕಿ ಮುಕ್ಕು!"

ಹೊತ್ತು ಏರಿತು, ಇಳಿಯಿತು. ಒಂದು ಸಲ ತಾಯಿ ಕೈತಪ್ಪಿ ಹೋದಳು ಅನಿಸಿತು. ಇನ್ನೊಂದು ಸಲ ಮಗು. ಶೊಕೊ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿದಳು. ಅದೂ ಸಾಲದಾದಾಗ ಪಚ್ಚೆಲಂಗದ ತಾಯಿಯನ್ನು ಕೂಗಿದಳು. ಆ ತಾಯಿಗೆ ಸರೋವರದ ಯಾವ ದಡವಾದರೇನು? ಬಂದಳು.

ಮಗು ಅತ್ತಿತು. ಗಂಡು.

ಶೊಕೊ ತನಗರಿವಿಲ್ಲದೆ ತಲೆಯೆತ್ತಿ ಕೇಕೆ ಹಾಕಿದಳು. ಏರಿ ನಡುಗಿತು.

ಮೇಲಿದ್ದ ಹೆಂಗಸರು ಬಟ್ಟೆ ಬಿಟ್ಟು ಓಡಿಬಂದರು. "ಏನೇ ಅದು? ಮತ್ತೆ ಯುದ್ಧ ಬಂತಾ?"

"ಬಂದಿತ್ತು," ಎಂದಳು ಶೊಕೊ, ಕೈ ತೊಳೆಯುತ್ತಾ. "ಮುಗಿಯಿತು. ಇವಳು ಗೆದ್ದಳು. ಹಾಗೆ ನೋಡುತ್ತಾ ನಿಲ್ಲಬೇಡಿ, ಯಾರಾದರೂ ಗಂಜಿ ತನ್ನಿ."

ಬಾಣಂತಿಯ ಹೆಸರು ಸೆಂತೆವಾ. ಅವಳನ್ನು ಬಿಟ್ಟು ಹೋಗುವಂತಿರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಗಂಜಿ ತಂದರು, ಚಾಪೆ ತಂದರು, ಕೊನೆಗೆ ಹರಟೆಯನ್ನೂ ತಂದರು. ಶೊಕೊ ದಿನವೂ ಮಗುವನ್ನು ಮೀಯಿಸಿದಳು. ನಾಲ್ಕೈದು ದಿನಕ್ಕೆ ಮಗುವಿನ ಬಳ್ಳಿ ಒಣಗಿ ಬಿತ್ತು.

"ನಮ್ಮಲ್ಲೂ ಇದು ರಣಭೂಮಿಗೆ ಹೋಗಬೇಕು," ಎಂದಳು ಸೆಂತೆವಾ. "ನಿನ್ನ ಮಡಿಲಲ್ಲಿ ಏನದು ಕಟ್ಟು?"

ಶೊಕೊ ಸುಳ್ಳು ಹೇಳಲಿಲ್ಲ. "ನಮ್ಮೂರ ಮಗುವಿನ ಬಳ್ಳಿ. ಅವನು ಬೆಳೆದು ನಿಮ್ಮವರನ್ನು ಕೊಲ್ಲಲಿ ಅಂತ ಅವನ ಅಜ್ಜ ಕೊಟ್ಟು ಕಳಿಸಿದ್ದಾನೆ."

ಸೆಂತೆವಾ ಮಗುವಿನ ಹೊದಿಕೆ ಸರಿಪಡಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ನಾವು ಹೊರಡುವಾಗ ನಮ್ಮ ಮಾವನೂ ಇದನ್ನೇ ಹೇಳಿದ. ನಿಮ್ಮವರನ್ನು ಕೊಲ್ಲಲಿ ಅಂತ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಮಗು ಬೆಚ್ಚಿ ಎದ್ದು ಅಳುವವರೆಗೂ ನಕ್ಕರು.

"ಹಾಗಾದರೆ ಎಲ್ಲಿ ಹುಗೀತೀ?" ಎಂದಳು ಸೆಂತೆವಾ, ಕಣ್ಣೊರೆಸಿಕೊಂಡು.

"ಯುದ್ಧ ನಡೆಯುವ ಕಡೆ ಅಂದರು ನನ್ನ ಗುರು."

"ಎಲ್ಲಿ ನಡೆಯಿತು?"

ಶೊಕೊ ಸುತ್ತ ನೋಡಿದಳು. ಏರಿಯ ಮೇಲೆ ನೋಡಿದಳು. ಆಮೇಲೆ ಸೆಂತೆವಾ ಕೂತಿದ್ದ ಚಾಪೆಯನ್ನು ನೋಡಿದಳು.

"ಸ್ವಲ್ಪ ಸರಿ ಅಕ್ಕಾ," ಎಂದಳು.

ಚಾಪೆ ಸರಿಸಿ ಅಲ್ಲೇ ತೋಡಿದಳು. ಎರಡೂ ಬಳ್ಳಿಗಳನ್ನು ಒಂದೇ ಕುಣಿಯಲ್ಲಿಟ್ಟಳು. ಹಿಟ್ಟಿನ ಗುರಾಣಿಯನ್ನು ನಡುವೆ ಮುರಿದು ಇಬ್ಬರಿಗೂ ಹಂಚಿದಳು. ಬಾಣವನ್ನು ಆಗಲೇ ಇರುವೆ ತಿಂದುಬಿಟ್ಟಿತ್ತು.

ಊರಿಗೆ ಬಂದಾಗ ತೋಚಿನಜ್ಜ ದಡದಲ್ಲೇ ಕಾದಿದ್ದ. ಗುಡಿಸಲಿನವರೆಗೂ ಪ್ರಶ್ನೆಯ ಮೇಲೆ ಪ್ರಶ್ನೆ. ಪಾಪಾನವ್ವ ಜೋಳ ಸುಲಿಯುತ್ತಾ ಕೂತಿದ್ದರು. ತ್ಲಾಕೊ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದಳು.

ಶೊಕೊ ನಡೆದದ್ದನ್ನು ನಡೆದಂತೆ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

"ಒಂದೇ ಕುಣಿಯಲ್ಲಾ?" ಎಂದ ತೋಚಿನಜ್ಜ. "ಏನು ಮಾಡಿಟ್ಟೆ ಹುಡುಗೀ! ಒಂದೇ ಮಣ್ಣಲ್ಲಿ ಬಳ್ಳಿ ಬಿದ್ದವರು ಅಣ್ಣತಮ್ಮಂದಿರು. ಇನ್ನು ನನ್ನ ಮೊಮ್ಮಗ ಅವನ ಮೇಲೆ ಕೈ ಎತ್ತೋದು ಹೇಗೆ? ಎತ್ತಿದರೆ ಪಾಪ!"

"ಹೌದಾ?" ಎಂದರು ಪಾಪಾನವ್ವ, ಜೋಳದ ತೆನೆಯಿಂದ ಕಣ್ಣೆತ್ತದೆ. "ಅಯ್ಯೋ."

"ನಿನಗೆ ಗೊತ್ತಿರಲಿಲ್ಲವೇನೋ!"

"ನನಗೆ ವಯಸ್ಸಾಯಿತು ತೋಚಿನ್."

ಅಜ್ಜ ಬಯ್ದ. ಶೊಕೊಳನ್ನು ಬಯ್ದ, ಸ್ಪೇನಿನವರನ್ನು ಬಯ್ದ, ತನ್ನ ಕುಂಟುಗಾಲನ್ನು ಬಯ್ದ. ಬಯ್ದು ಬಯ್ದು ದಣಿದು ಹೊಸ್ತಿಲಲ್ಲಿ ಕೂತ. ತ್ಲಾಕೊ ಮೆಲ್ಲಗೆ ಬಂದು ಅವನ ಪಕ್ಕ ಕೂತಳು. ಹಿಂದೆಂದೂ ಅವನ ಪಕ್ಕ ಕೂತವಳಲ್ಲ.

"ಕುಣಿ ಎಷ್ಟು ಆಳ ತೋಡಿದೆ?" ಎಂದ ತೋಚಿನಜ್ಜ, ಯಾರ ಮುಖವನ್ನೂ ನೋಡದೆ.

"ಮೊಣಕೈ ಮುಳುಗುವಷ್ಟು ಅಜ್ಜಾ."

"ಸಾಲದು. ಆ ಏರಿಯಲ್ಲಿ ನಾಯಿಗಳು ಜಾಸ್ತಿ. ಮೇಲೆ ಕಲ್ಲು ಹೇರಿದೆಯಾ?"

"ಹೇರಿದೆ."

"ನೀನೊಬ್ಬಳೇ ಎಷ್ಟು ದೊಡ್ಡದು ಎತ್ತಿರುತ್ತೀ?"

"ಒಬ್ಬಳೇ ಅಲ್ಲ ಅಜ್ಜಾ. ಬಟ್ಟೆ ಒಗೆಯುವವರೆಲ್ಲ ಕೈ ಹಾಕಿದರು."

"ಹೂಂ," ಎಂದ ಅಜ್ಜ. ಎದ್ದ. ಸೊಸೆಯ ಕೈಯಿಂದ ಮಗುವನ್ನು ಇಸಿದುಕೊಂಡು, ಕುಂಟುತ್ತಾ ಮನೆ ಕಡೆ ನಡೆದ. ತ್ಲಾಕೊ ಅವನ ಕೋಲು ಹಿಡಿದು ಹಿಂದೆ ನಡೆದಳು.

ಅವರು ಮರೆಯಾದ ಮೇಲೆ ಶೊಕೊ ಗುರುವಿನ ಪಾದ ಮುಟ್ಟಿದಳು. "ಅವ್ವಾ, ಅಲ್ಲೊಬ್ಬಳು ಬಸುರಿ ಇರುತ್ತಾಳೆ ಅಂತ ನಿಮಗೆ ಹೇಗೆ ಗೊತ್ತಾಯಿತು?"

"ಬಸುರಿ ಇಲ್ಲದ ಊರು ಯಾವುದಿದೆ?"

ಅಷ್ಟರಲ್ಲಿ ದಡದಿಂದ ಒಬ್ಬ ಗಂಡಸು ಏದುಸಿರು ಬಿಡುತ್ತಾ ಓಡಿಬರುವುದು ಕಾಣಿಸಿತು. ಅವನು ಬಂದದ್ದು ಆಚೆ ದಡದ ದೋಣಿಯಲ್ಲಿ. ಹೆಂಡತಿಗೆ ನೋವು ಬಂದಿದೆಯೆಂದು ಅವನ ಮುಖವೇ ಹೇಳುತ್ತಿತ್ತು. ಶೊಕೊ ಗುರುವಿಗೆ ಕೈಕೊಟ್ಟು ಎಬ್ಬಿಸಲು ಹೋದಳು.

ಪಾಪಾನವ್ವ ಏಳಲಿಲ್ಲ. ಇನ್ನೊಂದು ತೆನೆ ತೆಗೆದುಕೊಂಡರು.

"ನೀನು ಹೋಗು ಮಗಳೇ. ಯಾವ ಊರಿನವಳು ಅಂತ ಕೇಳಬೇಡ. ನೋವು ಯಾವಾಗ ಶುರುವಾಯಿತು ಅಂತ ಕೇಳು."

ಈ ಕಥೆಗೆ ಕಿವಿಗೊಟ್ಟವರ ಮನೆಯಲ್ಲಿ ಬಾಣಂತಿ ಸುಖವಾಗಿರಲಿ, ತೊಟ್ಟಿಲು ತೂಗಲಿ, ಹಗೆಯವರ ಮನೆಯ ಕೂಸೂ ಹೊಟ್ಟೆ ತುಂಬ ಹಾಲು ಕುಡಿದು ಮಲಗಲಿ. ತಾಯಿ ಎಲ್ಲರನ್ನೂ ಹರಸಲಿ.