ಹೋಗಿ ಬಾ ಎಂದ ಕಂಪ್ಯೂಟರ್

ಗ್ರಂಥಾಲಯದ ಮೂಲೆಯಲ್ಲೊಂದು ಮುದಿ ಕಂಪ್ಯೂಟರ್ ಇತ್ತು. ಹೊರಗಿನ ಸುದ್ದಿಯೆಲ್ಲ ಅದಕ್ಕೆ ನೆಟ್‌ವರ್ಕ್ ಕಾರ್ಡಿನಿಂದಲೇ ಬರಬೇಕು. ಕಾರ್ಡಿನ ಭಾಷೆ ಮಾತ್ರ ಅದಕ್ಕೆ ತಿಳಿಯದು. ಡ್ರೈವರ್ ಎಂಬ ದುಭಾಷಿ ನಡುವೆ ಕೂತು ಬಿಡಿಸಿ ಹೇಳಬೇಕು. ದುಭಾಷಿ ಮುದುಕನಾಗಿ ತಡವರಿಸತೊಡಗಿದಾಗ ಹೊಸಬನೊಬ್ಬ ಬಂದ.

ಹಳಬ ಹೊರಟು ನಿಂತ. ಇಷ್ಟು ವರ್ಷ ಕಂಪ್ಯೂಟರಿಗೆ ಲೋಕದ ದನಿ ಕೇಳಿಸಿದವನು ಅವನೊಬ್ಬನೇ. ಅದಕ್ಕೆ "ಹೋಗು" ಎನ್ನಲು ಬಾಯಿ ಬರಲಿಲ್ಲ.

"ಹೋಗಿ ಬಾ. ನಿನ್ನ ಜಾಗ ಹಾಗೆಯೇ ಇರುತ್ತದೆ" ಎಂದಿತು.

ಹಳಬ ಅದನ್ನೇ ನಂಬಿದ. ಕಂಪ್ಯೂಟರ್ ಎಚ್ಚರಾದಾಗಲೆಲ್ಲ ಬಂದು ಕೂತ. ಕಾರ್ಡ್ ಒಂದು ಮಾತಾಡಿದರೆ ಸಾಕು, ಹಳಬ ಹೊಸಬ ಇಬ್ಬರೂ ಒಟ್ಟಿಗೇ ಬಾಯಿ ಹಾಕುವರು. ಕಂಪ್ಯೂಟರ್ ತಲೆ ತಿರುಗಿ, ಮುಖವೆಲ್ಲ ನೀಲಿಯಾಗಿ ಕುಸಿಯುವುದು.

"ಈ ಹೊಸಬನ ಕಾಲ್ಗುಣವೇ ಸರಿಯಿಲ್ಲ!" ಎಂದು ಗೊಣಗಿತು ಕಂಪ್ಯೂಟರ್.

"ಅವನನ್ನೇಕೆ ಬೈಯುತ್ತೀಯ?" ಎಂದಿತು ಒಳಗಿನ ಫ್ಯಾನು. "ಒಂದೇ ಜಾಗದಲ್ಲಿ ಇಬ್ಬರನ್ನು ಕೂರಿಸಿದವನು ನೀನು. ಹೊಸಬನನ್ನು ಹೊರಗೆ ನಿಲ್ಲಿಸಿ ಹಳಬನನ್ನು ಪೂರ್ತಿ ಕಳಿಸು, ಆಮೇಲೆ ಹೊಸಬನನ್ನು ಕರೆ."

"ಅಲ್ಲಿಯವರೆಗೆ ಹೊರಗಿನ ದನಿ ಒಂದೂ ಕೇಳುವುದಿಲ್ಲವಲ್ಲ?"

"ಕೇಳುವುದಿಲ್ಲ."

ಕಡೆಗೆ ಕಂಪ್ಯೂಟರ್ ಹೊಸಬನನ್ನು ಹೊರಗೆ ನಿಲ್ಲಿಸಿ ಹಳಬನಿಗೆ, "ಇನ್ನು ಬರಬೇಡಪ್ಪ" ಎಂದಿತು. ಅವನು ತಿರುಗಿ ನೋಡದೆ ಹೋದ. ಲೋಕವೆಲ್ಲ ಆರಿದಂತಾಯಿತು. ಓದುವವರು ಹಾಳೆ ಮಗುಚುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಆಮೇಲೆ ಹೊಸಬ ಬಂದು ಆ ಬರಿದಾದ ಜಾಗದಲ್ಲಿ ಕೂತ. ಕಾರ್ಡಿಗೆ ಕಿವಿಗೊಟ್ಟು ಹೇಳಿದ:

"ಆಚೆಯಿಂದ ಯಾರೋ ಕೇಳುತ್ತಿದ್ದಾರೆ, ಅಲ್ಲಿ ಯಾರಾದರೂ ಇದ್ದೀರಾ ಎಂದು."

ಈ ಸಲ ಕಂಪ್ಯೂಟರ್ ಬೀಳಲಿಲ್ಲ.

"ಇದ್ದೇನೆ" ಎಂದಿತು. "ಒಬ್ಬನೇ ಇದ್ದೇನೆ, ಹೇಳಿ."