ಬಂಡೆಯ ಮೇಲಿನ ಚಿತ್ರ, ಕೆಂಚನ ಬಾಲ

ಒಂದು ಕಾಡಿನಲ್ಲಿ ಕೆಂಚ ಎಂಬ ನರಿ ಇದ್ದ. ಏನೇ ಸುದ್ದಿಯಿದ್ದರೂ ಕಾಡಿಗೆಲ್ಲ ಊಳಿಟ್ಟು ಸಾರುವವನು ಅವನೇ. ಅವನು ಹೇಳಿದ್ದೇ ಮಾತು.

ಆ ಬೇಸಿಗೆ ಮಾತ್ರ ಎಲ್ಲರ ಬಾಯಲ್ಲೂ ಮುಳ್ಳಜ್ಜಿಯ ಹೆಸರು. ಹೋದ ವರ್ಷ ಕಾಡ್ಗಿಚ್ಚಿನಲ್ಲಿ ಮನೆ ಕಳೆದುಕೊಂಡಿದ್ದ ಮುದಿ ಮುಳ್ಳುಹಂದಿ ಅವಳು. ದೊಡ್ಡ ಬಂಡೆಯ ಮೇಲೆ ಇದ್ದಿಲಲ್ಲಿ ಚಿತ್ರ ಬರೆದಿದ್ದಳು. ನಡುವೆ ಒಂದು ಬಿಲ, ಸುತ್ತ ಬರೀ ನೆಲ.

"ಬಿಲದ ಸುತ್ತ ಇಪ್ಪತ್ತು ಹೆಜ್ಜೆ ತರಗೆಲೆ ಗುಡಿಸಿ, ಒಣಹುಲ್ಲು ಕೀಳಿ. ತಿನ್ನೋಕೆ ಏನೂ ಸಿಗದಿದ್ರೆ ಬೆಂಕಿ ಬಾಗಿಲಿಗೆ ಬರಲ್ಲ" ಅಂದಳು. ಮೊಲ, ಮುಂಗುಸಿ, ಕಾಡುಕೋಳಿ ಎಲ್ಲರೂ ನೋಡಿ ಹೋಗಿ ಗುಡಿಸಿದರು.

ಕೆಂಚನಿಗೆ ಇದು ಸಹಿಸಲಾಗಲಿಲ್ಲ. ನೇರ ಬಂಡೆಯ ಬಳಿಗೆ ಬಂದ.

"ಕಸ ಗುಡಿಸೋದಕ್ಕೂ ಪಾಠವಾ ಅಜ್ಜಿ?"

"ನಿನ್ನ ಗಂಟಲು ದೊಡ್ಡದು ಮಗಾ, ನೀನೂ ನಾಲ್ಕು ಜನಕ್ಕೆ ಸಾರು."

"ನಿನ್ನ ಹೆಸರು ಮೆರೆಸೋಕೆ ನನ್ನ ಗಂಟಲು ಸವೆಸ್ಲಾ?"

ಮನೆಗೆ ಬಂದವನೇ ಹೆಂಡತಿ ಮಾಳಿಯನ್ನು ಕರೆದು, "ಆ ಮುದುಕಿ ಹತ್ರ ಹೋದೀಯೆ, ಜೋಕೆ!" ಎಂದ.

ಮರುದಿನ ಮಟಮಟ ಮಧ್ಯಾಹ್ನ. ಎಲ್ಲರೂ ಮಲಗಿದ್ದರು. ಕೆಂಚ ಇದ್ದಿಲು ಕುಟ್ಟಿ, ನೀರಲ್ಲಿ ಕಲಸಿ, ಬಾಲ ಅದ್ದಿದ. ಚಿತ್ರದ ಬರೀ ನೆಲದ ತುಂಬ ತರಗೆಲೆಯ ರಾಶಿ ಬರೆದ. 'ಇನ್ನು ಮೆರೀಲಿ ಮುದುಕಿ' ಎಂದುಕೊಂಡು ಪೊದೆಯ ನೆರಳಲ್ಲಿ ಕಣ್ಣು ಮುಚ್ಚಿದ.

ಸಂಜೆ ಎಚ್ಚರವಾದಾಗ ಮೂಗಿಗೆ ಹೊಗೆ. ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದ. ಬಿಲದ ಬಾಗಿಲಲ್ಲಿ ಎದೆಯುದ್ದ ತರಗೆಲೆ! ಮಾಳಿ ಇನ್ನೂ ಬಾಯ್ತುಂಬ ಎಲೆ ಕಚ್ಚಿ ತರುತ್ತಿದ್ದಳು.

"ಏನೇ ಇದು!"

"ಊರಿಗೆಲ್ಲ ಬುದ್ಧಿ ಬಂತು, ನಾನೊಬ್ಬಳೇ ದಡ್ಡಿ ಆಗಿರ್ಲಾ? ನೀವಿಲ್ಲದಾಗ ಹೋಗಿ ಬಂಡೆ ನೋಡ್ಕೊಂಡು ಬಂದೆ. ಅದರಲ್ಲಿರೋ ಹಾಗೇ ಮಾಡಿದೀನಿ, ಒಂದೆಲೆ ಕಮ್ಮಿಯಿಲ್ಲ!"

ಇಬ್ಬರೂ ಮರಿಗಳನ್ನು ಕಚ್ಚಿಕೊಂಡು ಓಡಿದರು. ಬೆನ್ನ ಹಿಂದೆ ಬಿಲ ಒಲೆಯಂತೆ ಉರಿಯಿತು. ಜೀವ ಉಳಿದದ್ದು ಮುಳ್ಳಜ್ಜಿ ಗುಡಿಸಿದ್ದ ಅಂಗಳದಲ್ಲಿ. ಉಳಿದವರ ಬಿಲಗಳ ಹತ್ತಿರವೂ ಬೆಂಕಿ ಬಂತು, ಬರೀ ನೆಲ ನೋಡಿ ಪಕ್ಕಕ್ಕೆ ಹೋಯಿತು. ಬೆಂಕಿ ದಾಟಿದ ಮೇಲೆ ಎಲ್ಲರೂ ಅಜ್ಜಿಯ ಅಂಗಳಕ್ಕೆ ಬಂದು ಸೇರಿದರು.

"ನಿನ್ನ ಚಿತ್ರ ನಂಬಿ ಮನೆ ಹೋಯ್ತಲ್ಲಜ್ಜಿ!" ಎಂದು ಮಾಳಿ ಅತ್ತಳು.

"ತರಗೆಲೆ ನಾನು ಬರೆದಿಲ್ಲ ತಾಯಿ."

ಅಷ್ಟರಲ್ಲಿ ಕಿರಿಯ ಮರಿ ಅಪ್ಪನ ಬಾಲ ಮೂಸಿತು. "ಅಪ್ಪಾ, ನಮ್ಮ ಯಾರ ಬಾಲಾನೂ ಸುಟ್ಟಿಲ್ಲ. ನಿಂದ್ಯಾಕೆ ಇಷ್ಟು ಕರ್ರಗೆ?"

ಕೆಂಚ ಬಾಲವನ್ನು ಕಾಲ ಸಂದಿಗೆ ಎಳೆದುಕೊಂಡ. ಅಷ್ಟು ಹೊತ್ತಿಗೆ ಇಡೀ ಕಾಡು ಅದನ್ನು ನೋಡಿಯಾಗಿತ್ತು.

ನೀತಿ: ಹತ್ತು ಮನೆ ಉಳಿಸುವ ಮಾತನ್ನು ಹೊಟ್ಟೆಕಿಚ್ಚಿಗೆ ಕೆಡಿಸಿದವನು ಮೊದಲು ತನ್ನ ಮನೆಯನ್ನೇ ಸುಟ್ಟುಕೊಳ್ಳುತ್ತಾನೆ.